ಲಿನಕ್ಸ್‌ನಲ್ಲಿ ಧ್ವನಿ ನಿಂತಾಗ: ನಾನು ಹಿಡಿದು ನೋಡಿದ ದಾರಿಗಳು

ಕೊಪ್ಪಳದ ನಮ್ಮ ಮನೆಯ ಕಂಪ್ಯೂಟರ್‌ನಲ್ಲಿ ಧ್ವನಿ ಹೋದರೆ ಅದು ಹಾಡು ಕೇಳುವವರ ತೊಂದರೆಯಲ್ಲ. ಗ್ಲಾಕೋಮಾದಿಂದ ದೃಷ್ಟಿ ಕಳೆದುಕೊಂಡ ನಮ್ಮ ಕಾಕಾ ಆ ಯಂತ್ರವನ್ನು ಕಿವಿಯಿಂದಲೇ ನಡೆಸುತ್ತಾರೆ. ಪರದೆಯ ಮೇಲಿರುವುದನ್ನು ಓರ್ಕಾ ಎಂಬ ತಂತ್ರಾಂಶ ಗುರುತಿಸುತ್ತದೆ, ಇಸ್ಪೀಕ್ ಎನ್‌ಜಿ ಅದನ್ನು ಕನ್ನಡದಲ್ಲಿ ಓದಿ ಹೇಳುತ್ತದೆ. ಸ್ಪೀಕರ್ ಸುಮ್ಮನಾದರೆ ಅವರ ದಿನಪತ್ರಿಕೆಯೂ ನಿಂತಿತು, ಪತ್ರ ಬರೆಯುವುದೂ ನಿಂತಿತು. ಆದ್ದರಿಂದ ದುರಸ್ತಿಯ ದಾರಿಗಳನ್ನು ನಾನು ಎರಡು ಪ್ರಶ್ನೆ ಇಟ್ಟುಕೊಂಡು ತೂಗಿದ್ದೇನೆ. ತೊಡಕು ಎಲ್ಲಿದೆ ಎಂಬುದು ಬೇಗ ಗೊತ್ತಾಗುತ್ತದೆಯೇ? ನಾನು ಊರಲ್ಲಿ ಇಲ್ಲದಾಗ ಕಾಕಾ ಒಬ್ಬರೇ ಅದನ್ನು ಮಾಡಿಕೊಳ್ಳಬಲ್ಲರೇ?

ವಿಂಡೋಸ್‌ನಂತೆ ಯಂತ್ರವನ್ನು ನಡೆಸುವ ವ್ಯವಸ್ಥೆ ಲಿನಕ್ಸ್; ಅದರಲ್ಲಿ ನಮ್ಮದು ಲಿನಕ್ಸ್ ಮಿಂಟ್ 22. ಇದರಲ್ಲಿ ಧ್ವನಿ ಸ್ಪೀಕರ್ ತಲುಪುವುದು ಹಂತ ಹಂತವಾಗಿ. ತಳದಲ್ಲಿ, ವ್ಯವಸ್ಥೆಯ ತಿರುಳಾದ ಕರ್ನೆಲ್‌ನೊಳಗಿನ ಆಲ್ಸಾ ಸೌಂಡ್ ಕಾರ್ಡಿನ ಜೊತೆ ಮಾತನಾಡುತ್ತದೆ. ಅದರ ಮೇಲೆ ಪೈಪ್‌ವೈರ್ ಎಲ್ಲ ತಂತ್ರಾಂಶಗಳ ಧ್ವನಿಯನ್ನು ಒಟ್ಟುಗೂಡಿಸುತ್ತದೆ. ಯಾವ ಧ್ವನಿ ಯಾವ ಕಾರ್ಡಿಗೆ ಹೋಗಬೇಕೆಂದು ವೈರ್‌ಪ್ಲಂಬರ್ ನಿರ್ಧರಿಸುತ್ತದೆ. ತುಂಗಭದ್ರಾ ಎಡದಂಡೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಹೊಲಕ್ಕೆ ನೀರು ಬರಲಿಲ್ಲವೆಂದರೆ ತೂಬು ಮುಚ್ಚಿದೆಯೋ, ಉಪಕಾಲುವೆಯಲ್ಲಿ ಯಾರಾದರೂ ತಿರುಗಿಸಿಕೊಂಡಿದ್ದಾರೋ ಎಂದು ಮೊದಲು ನೋಡಬೇಕು.

ಹಳೆಯ ಸಲಹೆಗಳನ್ನು ಅನುಸರಿಸುವವರಿಗೆ ಒಂದು ಎಚ್ಚರಿಕೆ. ಮಿಂಟ್‌ಗೆ ಬುನಾದಿಯಾದ ಉಬುಂಟು 2008ರಲ್ಲಿ, ಪೈಪ್‌ವೈರ್‌ನ ಕೆಲಸವನ್ನು ಮೊದಲು ಮಾಡುತ್ತಿದ್ದ ಪಲ್ಸ್‌ಆಡಿಯೋಗೆ ಬಂತು, 2022ರ ಅಕ್ಟೋಬರ್‌ನ ಆವೃತ್ತಿಯಲ್ಲಿ ಪೈಪ್‌ವೈರ್‌ಗೆ ಬದಲಾಯಿತು. ಮಿಂಟ್ ಬದಲಾದದ್ದು 2024ರಲ್ಲಿ. ‘ಪಲ್ಸ್‌ಆಡಿಯೋ ಕಿತ್ತು ಮತ್ತೆ ಹಾಕಿ’ ಎಂಬ ಹಳೆಯ ಸಲಹೆಯನ್ನು ಇಂದಿನ ಮಿಂಟ್‌ನಲ್ಲಿ ಪಾಲಿಸಿದರೆ ಇರುವ ವ್ಯವಸ್ಥೆಯೂ ಕೆಡುತ್ತದೆ.

ಮೊದಲ ದಾರಿ ಆಲ್ಸಾಮಿಕ್ಸರ್ (alsamixer). ಆದೇಶ ಬರೆಯುವ ಕಿಟಕಿಯಾದ ಟರ್ಮಿನಲ್‌ನಲ್ಲಿ ಆ ಹೆಸರು ಬರೆದು ಎಂಟರ್ ಒತ್ತಿದರೆ ಬಣ್ಣದ ಕಂಬಗಳು ಕಾಣಿಸುತ್ತವೆ. ಹೊಸಬರು ಎಡವುವುದು ಇಲ್ಲೇ: ಮೊದಲು ಕಾಣುವುದು ಪೈಪ್‌ವೈರ್‌ನ ಒಂಟಿ ಕಂಬ, ನಿಜವಾದ ಕಾರ್ಡ್ ಅಲ್ಲ. ಎಫ್6 ಒತ್ತಿ ಕಾರ್ಡನ್ನು ಆರಿಸಿಕೊಂಡ ಮೇಲೆ ಮಾಸ್ಟರ್, ಹೆಡ್‌ಫೋನ್, ಫ್ರಂಟ್ ಎಂದು ಸಾಲು ಬಿಚ್ಚಿಕೊಳ್ಳುತ್ತದೆ. ಕಂಬದ ಬುಡದಲ್ಲಿ ‘ಎಂಎಂ’ ಎಂದಿದ್ದರೆ ಅದರ ಬಾಯಿ ಮುಚ್ಚಿದೆ ಎಂದರ್ಥ. ಎಂ ಕೀಲಿ ಒತ್ತಿದರೆ ಅದು ಎರಡು ಸೊನ್ನೆಗಳಾಗಿ ತೆರೆದುಕೊಳ್ಳುತ್ತದೆ. ನಮ್ಮಲ್ಲಿ ಬೇಸಿಗೆಯ ದೂಳು ಕಂಪ್ಯೂಟರ್‌ನ ಮುಂಭಾಗದ ಹೆಡ್‌ಫೋನ್ ತೂತಿಗೆ ಇಳಿದು, ಏನೂ ಸಿಕ್ಕಿಸದಿದ್ದರೂ ಹೆಡ್‌ಫೋನ್ ಇದೆ ಎಂದೇ ಕಾರ್ಡ್ ತಿಳಿಯುತ್ತಿತ್ತು. ಹಿಂದಿನ ಸ್ಪೀಕರ್ ತಾನಾಗಿ ಬಂದ್. ಆ ಸಾಲಿನ ಕೊನೆಯಲ್ಲಿರುವ ಆಟೋ-ಮ್ಯೂಟ್ ಎಂಬುದನ್ನು ಡಿಸೇಬಲ್ ಮಾಡಿದ ಕೂಡಲೇ ಸದ್ದು ಬಂತು. ಆಲ್ಸಾಮಿಕ್ಸರ್‌ನಲ್ಲಲ್ಲದೆ ಈ ಕಾಯಿಲೆ ನನಗೆ ಬೇರೆಲ್ಲೂ ಕಣ್ಣಿಗೆ ಬೀಳಲಿಲ್ಲ. ಆದರೆ ಕಂಬ ನೋಡಲು ಕಣ್ಣು ಬೇಕು. ಕಾಕಾಗೆ ಇದು ನಿಲುಕದ ದಾರಿ.

ಎರಡನೆಯದು ಪಾವುಕಂಟ್ರೋಲ್ (pavucontrol). ಪಲ್ಸ್‌ಆಡಿಯೋ ಕಾಲದ ಉಪಕರಣವಾದರೂ ಪೈಪ್‌ವೈರ್‌ನ ಮೇಲೂ ಚೆನ್ನಾಗಿ ಕೆಲಸ ಮಾಡುತ್ತದೆ. ತೊಡಕು ಎಲ್ಲಿದೆ ಎಂದು ಹುಡುಕುವುದರಲ್ಲಿ ನನ್ನ ಮೊದಲ ಆಯ್ಕೆ ಇದೇ. ಪ್ಲೇಬ್ಯಾಕ್ ಎಂಬ ಪುಟದಲ್ಲಿ ಹಾಡುತ್ತಿರುವ ಪ್ರತಿ ತಂತ್ರಾಂಶದ ಕೆಳಗೆ ಒಂದು ಪಟ್ಟಿ ಕುಣಿಯುತ್ತಿರುತ್ತದೆ. ಪಟ್ಟಿ ಕುಣಿಯುತ್ತಿದ್ದು ಕಿವಿಗೆ ಏನೂ ಕೇಳದಿದ್ದರೆ ತಂತ್ರಾಂಶದ ತಪ್ಪಿಲ್ಲ, ಧ್ವನಿ ತಪ್ಪು ದಿಕ್ಕಿಗೆ ಹೋಗುತ್ತಿದೆ. ನಮ್ಮ ಮನೆಯಲ್ಲಿ ಕರೆಂಟ್ ಹೋಗಿ ಬಂದಾಗಲೆಲ್ಲ ಧ್ವನಿ, ಚಿತ್ರದ ಜೊತೆ ಸದ್ದನ್ನೂ ಒಯ್ಯುವ ಎಚ್‌ಡಿಎಂಐ ಕೇಬಲ್ ಹಿಡಿದು ಮಾನಿಟರ್‌ಗೆ ಹೊರಟುಬಿಡುತ್ತಿತ್ತು. ಆ ಮಾನಿಟರ್‌ಗೆ ಸ್ಪೀಕರೇ ಇಲ್ಲ! ಕಾನ್ಫಿಗರೇಶನ್ ಪುಟದಲ್ಲಿ ಗ್ರಾಫಿಕ್ಸ್ ಕಾರ್ಡಿನ ಆ ಧ್ವನಿಮಾರ್ಗವನ್ನು ಆಫ್ ಮಾಡಿಟ್ಟೆ, ಆ ಕಾಟ ತಪ್ಪಿತು. ಎಚ್‌ಡಿಎಂಐಯೂ ಸ್ಪೀಕರೂ ಒಂದೇ ಕಾರ್ಡಿನಲ್ಲಿರುವ ಯಂತ್ರಗಳಲ್ಲಿ ಮಾತ್ರ ಆಫ್ ಮಾಡಬಾರದು. ಅಲ್ಲಿ ‘ಅನಲಾಗ್ ಸ್ಟೀರಿಯೋ ಔಟ್‌ಪುಟ್’ ಎಂಬುದನ್ನು ಆರಿಸಬೇಕು.

ಮೂರನೆಯದು ಧ್ವನಿಸೇವೆಗಳನ್ನು ನಿಲ್ಲಿಸಿ ಮತ್ತೆ ಎಬ್ಬಿಸುವುದು. ಪೈಪ್‌ವೈರ್, ಪಲ್ಸ್‌ಆಡಿಯೋಗಾಗಿ ಬರೆದ ತಂತ್ರಾಂಶಗಳಿಗೆ ಸೇತುವೆಯಾದ ಪೈಪ್‌ವೈರ್-ಪಲ್ಸ್, ವೈರ್‌ಪ್ಲಂಬರ್ ಈ ಮೂರನ್ನೂ ಸಿಸ್ಟಮ್‌ಸಿಟಿಎಲ್ (systemctl --user) ಆದೇಶದಿಂದ, ಬಳಕೆದಾರರ ಸೇವೆಗಳಾಗಿ, ಒಟ್ಟಿಗೆ ರೀಸ್ಟಾರ್ಟ್ ಮಾಡಬೇಕು. ಮೇಲಧಿಕಾರ ಕೊಡುವ ಸುಡು (sudo) ಆದೇಶ ಬೇಕಿಲ್ಲ, ಪಾಸ್‌ವರ್ಡ್ ಬೇಕಿಲ್ಲ. ತೊಡಕು ಎಲ್ಲಿತ್ತು ಎಂಬುದನ್ನು ಈ ದಾರಿ ಹೇಳುವುದೇ ಇಲ್ಲ, ಆ ಲೆಕ್ಕದಲ್ಲಿ ಇದು ಎಲ್ಲಕ್ಕಿಂತ ಹಿಂದೆ. ಆದರೂ ಕಾಕಾಗೆ ನಾನು ಕಟ್ಟಿಕೊಟ್ಟ ವ್ಯವಸ್ಥೆ ನಿಂತಿರುವುದು ಇದರ ಮೇಲೆ. ‘ಏನು ಒತ್ತಬೇಕು ಹೇಳಪ್ಪಾ, ನಾನೇ ಒತ್ತುತ್ತೇನೆ’ ಎಂದಿದ್ದರು ಅವರು. ಆದೇಶಗಳನ್ನು ಸಾಲಾಗಿ ನಡೆಸುವ ಒಂದು ಪುಟ್ಟ ಸ್ಕ್ರಿಪ್ಟ್ ಬರೆದು ಕೀಲಿಮಣೆಯ ಶಾರ್ಟ್‌ಕಟ್‌ಗೆ ಜೋಡಿಸಿದೆ. ಅದು ಸೇವೆಗಳನ್ನು ಎಬ್ಬಿಸುತ್ತದೆ, ಕೆಲವು ಕ್ಷಣ ಕಾಯುತ್ತದೆ, ಸ್ಪೀಕರ್ ಇರುವ ಕಾರ್ಡನ್ನೇ ಮುಖ್ಯವಾಗಿಸುತ್ತದೆ, ಮ್ಯೂಟ್ ತೆಗೆದು ಧ್ವನಿಯನ್ನು ಹದಕ್ಕೆ ತರುತ್ತದೆ, ಕೊನೆಗೆ ಓರ್ಕಾವನ್ನು ಹೊಸದಾಗಿ ಚಾಲೂ ಮಾಡುತ್ತದೆ. ಸ್ಕ್ರಿಪ್ಟ್ ಬರೆಯುವವರು ಗಮನಿಸಿ: ಡಬ್ಲ್ಯೂಪಿಸಿಟಿಎಲ್ (wpctl) ಆದೇಶ ಕಾರ್ಡುಗಳಿಗೆ ತೋರಿಸುವ ಸಂಖ್ಯೆಗಳು ಪ್ರತಿ ಸಲ ಬದಲಾಗಬಹುದು. ಪ್ಯಾಕ್ಟಿಎಲ್ (pactl) ಆದೇಶ ಕೊಡುವ ಕಾರ್ಡಿನ ಉದ್ದ ಹೆಸರು ಸ್ಥಿರವಾಗಿರುತ್ತದೆ, ಅದನ್ನೇ ಬಳಸಿ.

ನಾಲ್ಕನೆಯದು ಯುಎಸ್‌ಬಿ ಸೌಂಡ್ ಕಾರ್ಡ್, ಹೆಬ್ಬೆರಳಿನಷ್ಟು ದೊಡ್ಡದು. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಸಾಮಾನ್ಯ ಮಾದರಿಗಳಿಗೆ ಬೇಕಾದ ಡ್ರೈವರ್ ಕರ್ನೆಲ್‌ನಲ್ಲೇ ಇರುವುದರಿಂದ ಏನನ್ನೂ ಇಳಿಸಿಕೊಳ್ಳಬೇಕಿಲ್ಲ. ಬೆರಳಿನಿಂದ ತಡವಿ ಸಿಕ್ಕಿಸಬಹುದು ಎಂಬುದೇ ಇದರ ದೊಡ್ಡ ಗುಣ. ಮದರ್‌ಬೋರ್ಡಿನ ಸೌಂಡ್ ಚಿಪ್ ಅಥವಾ ತೂತು ಕೆಟ್ಟಿದ್ದರೆ ಇದಕ್ಕಿಂತ ಅಗ್ಗದ ಪರಿಹಾರ ನನಗೆ ಗೊತ್ತಿಲ್ಲ. ಆದರೆ ಪೈಪ್‌ವೈರ್ ಸಿಕ್ಕಿಹಾಕಿಕೊಂಡಿದ್ದರೆ ಇದೂ ಮೂಕ. ಸ್ಪೀಕರನ್ನು ಮೊದಲೇ ಮುಖ್ಯವಾಗಿಸಿದ್ದರೆ ಇದು ತಾನಾಗಿ ಮುಂದೆ ಬಾರದೆಯೂ ಇರಬಹುದು. ಅದಕ್ಕೇ ಸ್ಕ್ರಿಪ್ಟ್‌ನಲ್ಲಿ ಮೊದಲು ಯುಎಸ್‌ಬಿ ಕಾರ್ಡ್ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಸ್ಪೀಕರ್‌ಗೆ ಹೋಗುವಂತೆ ಬರೆದಿದ್ದೇನೆ.

ಈ ನಾಲ್ಕಕ್ಕೂ ಮೊದಲು ಪಿನ್ ಹಸಿರು ತೂತಿನಲ್ಲೇ ಇದೆಯೇ ಎಂದು ನೋಡಬೇಕು. ಗುಲಾಬಿ ಮೈಕಿನದು, ನೀಲಿ ಹೊರಗಿನ ಧ್ವನಿ ಒಳಗೆ ಬರುವುದು. ಬೆರಳಿಗೆ ಮೂರೂ ಒಂದೇ ಆದ್ದರಿಂದ ಹಸಿರಿನ ಪಕ್ಕದಲ್ಲಿ ನೇಲ್ ಪಾಲಿಶ್‌ನ ದಪ್ಪ ಚುಕ್ಕೆ ಇಟ್ಟಿದ್ದೇವೆ. ಕಾಕಾ ಅದನ್ನು ಮುಟ್ಟಿ ಪಿನ್ ಸಿಕ್ಕಿಸುತ್ತಾರೆ. ಹಾಗೆಯೇ ಹಾಡು ಕೇಳಿ ಓರ್ಕಾ ಮಾತ್ರ ಮಾತನಾಡದಿದ್ದರೆ ಸೌಂಡ್ ಕಾರ್ಡನ್ನು ಮುಟ್ಟಬೇಡಿ, ಓರ್ಕಾದ ಮಾತನ್ನು ಇಸ್ಪೀಕ್‌ಗೆ ದಾಟಿಸುವ ಸ್ಪೀಚ್ ಡಿಸ್ಪ್ಯಾಚರ್ ಕಡೆ ನೋಡಿ.

ರಿಪೇರಿಯವರು ಎಲ್ಲಕ್ಕೂ ಸೂಚಿಸುವ ಐದನೆಯ ದಾರಿ ಇಡೀ ವ್ಯವಸ್ಥೆಯನ್ನು ಅಳಿಸಿ ಮತ್ತೆ ಹಾಕುವುದು. ಅದಕ್ಕೆ ಒಪ್ಪುವ ಮುನ್ನ ಮಿಂಟ್ ಇರುವ ಪೆನ್‌ಡ್ರೈವ್‌ನಿಂದ ಯಂತ್ರವನ್ನು ಲೈವ್ ಆಗಿ, ಅಂದರೆ ಡಿಸ್ಕಿಗೆ ಏನನ್ನೂ ಹಾಕದೆ, ಬೂಟ್ ಮಾಡಿ ಒಂದು ಹಾಡು ಹಾಕಿ. ಅಲ್ಲಿ ಸದ್ದು ಬಂದರೆ ಯಂತ್ರ ಗಟ್ಟಿ ಇದೆ, ಮೇಲಿನ ದಾರಿಗಳಲ್ಲೇ ಉತ್ತರ ಸಿಗುತ್ತದೆ. ಅಲ್ಲೂ ಬಾರದಿದ್ದರೆ ಅದನ್ನೇ ಮತ್ತೆ ಹಾಕಿ ಫಲವಿಲ್ಲ. ಆ ಹಣದಲ್ಲಿ ಯುಎಸ್‌ಬಿ ಕಾರ್ಡ್ ಕೊಳ್ಳಿ.