ಟೆರೇಸ್ ಹತ್ತುವ ಕೆಲಸ ತಪ್ಪಿಸಿದ ಜಿಪಿಎಸ್ ಸಿಗ್ನಲ್ ಜನರೇಟರ್

ಮೊದಲೆಲ್ಲ ಜಿಪಿಎಸ್ ರಿಸೀವರ್ ಟೆಸ್ಟ್ ಅಂದ್ರೆ ಆಂಟೆನಾ ಹಿಡಿದು ಟೆರೇಸ್ ಹತ್ತುತ್ತಿದ್ದೆ. ಇವತ್ತು ಕಂಡ ತಪ್ಪನ್ನು ನಾಳೆ ಮತ್ತೆ ತೋರಿಸೋಣ ಅಂದರೆ ಆಗುತ್ತಿರಲಿಲ್ಲ. ಈಗ ಉಪಗ್ರಹಗಳ ಸಿಗ್ನಲನ್ನು ತಾನೇ ಹುಟ್ಟಿಸಿ ಕೊಡುವ ಈ ಜನರೇಟರ್‌ನಲ್ಲಿ ಒಂದೇ ಸನ್ನಿವೇಶವನ್ನು ಎಷ್ಟು ಸಲ ಬೇಕಾದರೂ ಓಡಿಸಬಹುದು.

ಜಿಪಿಎಸ್‌ನ 1575.42 ಮೆಗಾಹರ್ಟ್ಜ್‌ನಲ್ಲಿ ಮೈನಸ್ 130 ಡಿಬಿಎಂ (ಸಿಗ್ನಲ್ ಬಲದ ಅಳತೆ; ಮೈನಸ್ ಅಂಕಿ ಹೆಚ್ಚಿದಷ್ಟೂ ಸಿಗ್ನಲ್ ದುರ್ಬಲ) ಕೊಟ್ಟೆ. ಕೋಲ್ಡ್ ಸ್ಟಾರ್ಟ್ ಆಗಿ, ಅಂದರೆ ಹಳೇ ಮಾಹಿತಿ ಏನೂ ಇಲ್ಲದೆ ಶುರುವಾಗಿ, 34 ಸೆಕೆಂಡಿಗೆ ಫಿಕ್ಸ್ (ತಾನಿರುವ ಜಾಗದ ಲೆಕ್ಕ) ಸಿಕ್ಕಿತು. ಆಮೇಲೆ ಒಂದೊಂದೇ ಡಿಬಿ ಇಳಿಸುತ್ತಾ ಹೋದೆ. ಮೈನಸ್ 147 ದಾಟಿದ ಮೇಲೆ ರಿಸೀವರ್‌ಗೆ ಸಿಗ್ನಲನ್ನು ಹೊಸದಾಗಿ ಹುಡುಕಲು ಆಗಲಿಲ್ಲ, ಆದರೆ ಮೊದಲೇ ಹಿಡಿದ ಸಿಗ್ನಲನ್ನು ಮೈನಸ್ 158ರವರೆಗೂ ಬಿಡಲಿಲ್ಲ. ಹಠಮಾರಿ!

ಜಿಪಿಎಸ್ ದಿನಾಂಕಕ್ಕಾಗಿ ಇಡುವ ವಾರದ ಎಣಿಕೆ ಮಿತಿ ಮುಟ್ಟಿ ಸೊನ್ನೆಗೆ ಮರಳಿದ 2019ರ ಏಪ್ರಿಲ್ 6ರ ರಾತ್ರಿಯನ್ನೂ ಓಡಿಸಿದೆ. ನಮ್ಮ ಹಳೇ ಫರ್ಮ್‌ವೇರ್ (ರಿಸೀವರ್ ಒಳಗಿನ ಸಾಫ್ಟ್‌ವೇರ್) ಸೀದಾ ಹಿಂದಿನ ಸಲ ಎಣಿಕೆ ಸೊನ್ನೆಯಾಗಿದ್ದ 1999ಕ್ಕೆ ಹೋಗಿ ಕೂತಿತು.

ಫ್ಯಾನ್ ಸದ್ದು ಜಾಸ್ತಿ. ರಿಸೀವರ್ ಆಂಟೆನಾಗೆ ಕಳಿಸುವ ವೋಲ್ಟೇಜ್ ತಡೆಯುವ ಡಿಸಿ ಬ್ಲಾಕ್ ಬಾಕ್ಸ್‌ನಲ್ಲಿಲ್ಲ, ನಾವೇ ತಂದುಕೊಳ್ಳಬೇಕು. ಇಷ್ಟು ದುಬಾರಿ ಯಂತ್ರಕ್ಕೆ ಇದು ಜಿಪುಣತನ ಅಲ್ವಾ?