ಏಳು ಆಸನದ ಟರ್ಬೊ ಪೆಟ್ರೋಲ್ ಆಟೋಮ್ಯಾಟಿಕ್: ಮುಂಗಡ ಕೊಡುವ ಮೊದಲು ಕ್ಲಚ್ ಬಗ್ಗೆ ಕೇಳಿ

ಮನೆಮಂದಿಯೆಲ್ಲ ಒಟ್ಟಿಗೆ ಕೂರುವಂತಹ ಮೂರು ಸಾಲಿನ ಕಾರು ಬೇಕು, ಡೀಸೆಲ್ ಬೇಡ, ಗೇರ್ ಬದಲಿಸುವ ತಾಪತ್ರಯವೂ ಬೇಡ ಎಂದು ಷೋರೂಮಿಗೆ ಹೋದರೆ ಟರ್ಬೊ (ಒಳಕ್ಕೆ ಹೆಚ್ಚು ಗಾಳಿ ಒತ್ತಿ ಬಲ ಹೆಚ್ಚಿಸುವ ಸಾಧನ) ಇರುವ ಪೆಟ್ರೋಲ್ ಎಂಜಿನ್ನಿಗೆ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಜೋಡಿಸಿದ ಮಾದರಿಯನ್ನು ತೋರಿಸುವ ಸಾಧ್ಯತೆ ಹೆಚ್ಚು. ನಾವು ಕೊಂಡದ್ದೂ ಅದನ್ನೇ. ಬೆಂಗಳೂರಿನ ದಟ್ಟಣೆಯಲ್ಲಿ ದಿನವೂ ಓಡಾಡಿ, ಹಬ್ಬಹರಿದಿನಗಳಲ್ಲಿ ಸಂಸಾರವನ್ನೆಲ್ಲ ಹತ್ತಿಸಿಕೊಂಡು ಘಾಟಿ ದಾಟುವವರು ಇಂತಹ ಕಾರಿಗೆ ಮುಂಗಡ ಕೊಡುವ ಮೊದಲು ತಿಳಿದಿರಬೇಕಾದ ಸಂಗತಿಗಳು ಇವೆ. ಅವನ್ನು ಮಾರುವವರು ತಾವಾಗಿ ಹೇಳುವುದಿಲ್ಲ. ಕಂಪನಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಈ ಬಗೆಯ ಗೇರ್‌ಬಾಕ್ಸ್ ಒಂದಕ್ಕಿಂತ ಹೆಚ್ಚು ಕಂಪನಿಗಳ ಕಾರುಗಳಲ್ಲಿ ಇರುವುದರಿಂದ, ಒಂದು ಹೆಸರನ್ನು ನೋಡಿ ಉಳಿದವರು ನಿಶ್ಚಿಂತರಾಗುವುದು ನನಗೆ ಇಷ್ಟವಿಲ್ಲ.

ನಮಗೆ ತೊಂದರೆ ಎದುರಾದದ್ದು ಚಾರ್ಮಾಡಿ ಘಾಟಿಯಲ್ಲಿ. ಧರ್ಮಸ್ಥಳದಿಂದ ಉಜಿರೆಯ ಮೇಲೆ ಹೊರಟು, ಘಾಟಿ ಹತ್ತಿ ಕೊಟ್ಟಿಗೆಹಾರ ತಲುಪಿ, ಮೂಡಿಗೆರೆ, ಬೇಲೂರು, ಹಾಸನದ ಮಾರ್ಗವಾಗಿ ಬೆಂಗಳೂರಿಗೆ ಮರಳುವವರಿದ್ದೆವು. ಕಾರಿನಲ್ಲಿ ಏಳು ಜನರಿದ್ದರು. ಮೂರನೆಯ ಸಾಲಿನ ಹಿಂದೆ ಉಳಿಯುವ ಅಷ್ಟಿಷ್ಟು ಜಾಗದಲ್ಲಿ ಚೀಲಗಳನ್ನು ತುರುಕಿದ್ದೆವು. ಮೇಲಿನ ತಿರುವೊಂದರಲ್ಲಿ ಲಾರಿ ಕೆಟ್ಟು ನಿಂತಿದ್ದರಿಂದ ವಾಹನಗಳ ಸಾಲು ಹತ್ತಡಿ ಸರಿಯುವುದು, ನಿಲ್ಲುವುದು, ಮತ್ತೆ ಹತ್ತಡಿ ಸರಿಯುವುದು ಹೀಗೆ ನಡೆದಿತ್ತು. ಸ್ವಲ್ಪ ಹೊತ್ತಿನಲ್ಲಿ ಕಾರು ಪ್ರತಿ ಸಲ ಹೊರಡುವಾಗಲೂ ಗಡಗಡ ನಡುಗತೊಡಗಿತು, ಸುಟ್ಟ ವಾಸನೆ ಒಳಗೆ ಬಂತು, ಗೇರ್‌ಬಾಕ್ಸ್ ಮಿತಿ ಮೀರಿ ಬಿಸಿಯಾಗಿದೆ, ವಾಹನವನ್ನು ನಿಲ್ಲಿಸಿ ಎಂಬ ಸೂಚನೆ ಪರದೆಯ ಮೇಲೆ ಮೂಡಿತು. ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಕಣಿವೆ ಇರುವ ಆ ರಸ್ತೆಯಲ್ಲಿ, ಮಂಜು ಕವಿಯುತ್ತಿರುವಾಗ, ಎಲ್ಲಿ ನಿಲ್ಲಿಸಬೇಕೆಂಬುದನ್ನು ಮಾತ್ರ ಆ ಪರದೆ ಹೇಳಲಿಲ್ಲ. ಅಷ್ಟರಲ್ಲಿ ಆಕ್ಸಿಲರೇಟರ್ ತುಳಿದರೂ ಎಂಜಿನ್ ಬೊಬ್ಬಿಡುತ್ತಿತ್ತೇ ಹೊರತು ಕಾರು ಮುಂದಕ್ಕೆ ಹೋಗುತ್ತಿರಲಿಲ್ಲ. ಹಿಂದಿನ ಬಸ್ಸಿನ ಕಂಡಕ್ಟರ್ ಇಳಿದು ಬಂದು ಉಳಿದ ವಾಹನಗಳನ್ನು ತಡೆದು ನಿಲ್ಲಿಸಿದ್ದರಿಂದ ಅನಾಹುತ ತಪ್ಪಿತು.

ಹೀಗೇಕಾಯಿತು ಎಂಬುದನ್ನು ತಿಳಿಯಲು ಗೇರ್‌ಬಾಕ್ಸಿನ ಒಳಗೆ ಏನಿದೆ ಎಂದು ನೋಡಬೇಕು. ಎಂಜಿನ್ನಿನ ಬಲವನ್ನು ಗೇರುಗಳಿಗೆ ಕೂಡಿಸುವ, ಬಿಡಿಸುವ ತಟ್ಟೆಗಳ ಜೋಡಣೆಯೇ ಕ್ಲಚ್. ಡ್ಯುಯಲ್ ಕ್ಲಚ್ ಎಂದರೆ ಒಳಗೆ ಎರಡು ಕ್ಲಚ್‌ಗಳಿರುತ್ತವೆ: ಒಂದು, ಮೂರು, ಐದು, ಏಳನೆಯ ಗೇರುಗಳಿಗೆ ಒಂದು ಕ್ಲಚ್; ಎರಡು, ನಾಲ್ಕು, ಆರನೆಯ ಗೇರುಗಳಿಗೆ ಇನ್ನೊಂದು. ಒಂದು ಗೇರ್ ಚಾಲನೆಯಲ್ಲಿರುವಾಗಲೇ ಮುಂದಿನದು ಸಿದ್ಧವಾಗಿರುವುದರಿಂದ ಬದಲಾವಣೆ ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ. ತುಮಕೂರು ರಸ್ತೆಯಂತಹ ಹೆದ್ದಾರಿಯಲ್ಲಿ ಇದರ ಸೊಗಸೇ ಬೇರೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಇದರಲ್ಲಿ ಎರಡು ಬಗೆಗಳಿವೆ. ಎಣ್ಣೆಯಲ್ಲಿ ಮುಳುಗಿರುವ ಕ್ಲಚ್‌ನಲ್ಲಿ ಹುಟ್ಟುವ ಶಾಖವನ್ನು ಎಣ್ಣೆ ಹೊತ್ತೊಯ್ಯುತ್ತದೆ. ಒಣ ಕ್ಲಚ್‌ಗೆ ಸುತ್ತಲಿನ ಗಾಳಿಯೊಂದೇ ಗತಿ. ನಮ್ಮದು ಒಣ ಬಗೆಯದು. ನಿಂತ ಕಾರು ಹೊರಡುವಾಗ ಎಂಜಿನ್ನಿನ ವೇಗಕ್ಕೂ ಚಕ್ರದ ವೇಗಕ್ಕೂ ಹೊಂದಾಣಿಕೆ ಆಗುವ ತನಕ ಕ್ಲಚ್ ತಟ್ಟೆಗಳು ಒಂದಕ್ಕೊಂದು ಉಜ್ಜಿಕೊಳ್ಳಲೇಬೇಕು, ಗಂಧದ ಕೊರಡನ್ನು ಸಾಣೆಕಲ್ಲಿಗೆ ತೇಯ್ದ ಹಾಗೆ. ಪ್ರತಿ ಸಲವೂ ಒಂದಿಷ್ಟು ಸವೆತ, ಒಂದಿಷ್ಟು ಬಿಸಿ. ಸಮತಟ್ಟಾದ ರಸ್ತೆಯಲ್ಲಿ ಇಬ್ಬರು ಕೂತ ಸಣ್ಣ ಕಾರಿಗೆ ಇದು ಲೆಕ್ಕಕ್ಕಿಲ್ಲ. ಏಳು ಜನ, ಸಾಮಾನು ಎಲ್ಲ ಸೇರಿ ಎರಡು ಟನ್ನಿನ ಸಮೀಪಕ್ಕೆ ಬರುವ ವಾಹನವನ್ನು ಏರಿನಲ್ಲಿ ಹತ್ತಡಿ ಹತ್ತಡಿಯಾಗಿ ಸರಿಸುವಾಗ ತಟ್ಟೆಗಳು ಪೂರ್ತಿ ಕೂಡಿಕೊಳ್ಳುವ ಅವಕಾಶವೇ ಸಿಗದೆ ಉಜ್ಜಾಟವೇ ಮುಂದುವರಿಯುತ್ತದೆ. ಟರ್ಬೊ ಎಂಜಿನ್ ಇದನ್ನು ಇನ್ನಷ್ಟು ಹದಗೆಡಿಸುತ್ತದೆ. ಎಂಜಿನ್ ನಿಮಿಷಕ್ಕೆ ಸುಮಾರು 1500 ಸುತ್ತಿಗಿಂತ ಕಡಿಮೆ ತಿರುಗುವಾಗ ಅದರಲ್ಲಿ ಎಳೆತ ಕಡಿಮೆ. ಚಾಲಕ ಸಹಜವಾಗಿಯೇ ಹೆಚ್ಚು ತುಳಿಯುತ್ತಾನೆ. ಟರ್ಬೊ ಎಚ್ಚರಗೊಂಡೊಡನೆ ಎಳೆತ ಒಮ್ಮೆಲೇ ಏರಿ, ಅರ್ಧ ಕೂಡಿದ ಕ್ಲಚ್‌ನ ಮೇಲೆ ಬೀಳುತ್ತದೆ. ಹಳೆಯ ಪದ್ಧತಿಯ ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸಿನಲ್ಲಿ ಈ ಹೊಂದಾಣಿಕೆಯ ಕೆಲಸವನ್ನು ದ್ರವ ಮಾಡುತ್ತದೆ, ಹೊರಡುವಾಗಿನ ಎಳೆತವನ್ನು ಹೆಚ್ಚಿಸಿಯೂ ಕೊಡುತ್ತದೆ. ಅದು ಪೆಟ್ರೋಲನ್ನು ಸ್ವಲ್ಪ ಹೆಚ್ಚು ಕುಡಿಯಬಹುದು, ಆದರೆ ಹೊರಟಾಗಲೆಲ್ಲ ಸವೆಯುವ ಒಣ ತಟ್ಟೆ ಅದರಲ್ಲಿಲ್ಲ.

ಬೆಂಗಳೂರಿಗೆ ಹೇಗೋ ತಲುಪಿ ಸರ್ವಿಸ್ ಸೆಂಟರಿಗೆ ಕಾರನ್ನು ಒಪ್ಪಿಸಿದಾಗ, ಎರಡೂ ಕ್ಲಚ್ ಬದಲಾಗಬೇಕು, ಖರ್ಚು ಲಕ್ಷದ ಆಸುಪಾಸು ಎಂಬ ಅಂದಾಜು ಪಟ್ಟಿ ಕೈಗೆ ಬಂತು. ಕಾರು ಇನ್ನೂ ವಾರಂಟಿಯಲ್ಲಿತ್ತು. ಆದರೂ ಬ್ರೇಕ್ ಪ್ಯಾಡ್, ವೈಪರ್ ಬ್ಲೇಡುಗಳ ಹಾಗೆ ಕ್ಲಚ್ ಕೂಡ ಸವೆಯುವ ಭಾಗ, ಅದು ವಾರಂಟಿಗೆ ಸೇರುವುದಿಲ್ಲ ಎಂದರು. ಹಣ ಕೊಟ್ಟು ಪಡೆದಿದ್ದ ವಿಸ್ತರಿತ ವಾರಂಟಿಯ ಸಣ್ಣ ಅಕ್ಷರಗಳಲ್ಲೂ ಅದೇ ಮಾತಿತ್ತು. ಕಾಲಲ್ಲಿ ತುಳಿಯುವ ಕ್ಲಚ್ ಇರುವ ಕಾರಿಗೆ ಈ ನಿಯಮ ನ್ಯಾಯವೇ, ಏಕೆಂದರೆ ಅಲ್ಲಿ ಕ್ಲಚ್ ಚಾಲಕನ ಕಾಲಿನ ಅಧೀನದಲ್ಲಿದೆ. ಇಲ್ಲಿ ಕ್ಲಚ್ ಅನ್ನು ಯಾವಾಗ ಕೂಡಿಸಬೇಕು, ಎಷ್ಟು ಜಾರಿಸಬೇಕು ಎಂದು ತೀರ್ಮಾನಿಸುವುದು ಕಂಪನಿಯೇ ಬರೆದ ಸಾಫ್ಟ್‌ವೇರ್. ಅದರ ತೀರ್ಮಾನದಿಂದಾದ ಸವೆತವನ್ನು ಗ್ರಾಹಕನ ತಲೆಗೆ ಕಟ್ಟುವುದು ಯಾವ ಲೆಕ್ಕವೆಂದು ಕೇಳಿದಾಗ ಬಂದ ಉತ್ತರ ಇಷ್ಟೇ: “ಸರ್, ನಿಮ್ಮ ಡ್ರೈವಿಂಗ್ ಅಭ್ಯಾಸದಿಂದ ಆಗಿರೋದು ಇದು.”

ಈ ಉತ್ತರ ಹೊಸದೇನಲ್ಲ. ಆಸ್ಟ್ರೇಲಿಯಾದಲ್ಲಿ ಫೋರ್ಡ್ ಕಂಪನಿಯ ಫಿಯೆಸ್ಟಾ, ಫೋಕಸ್, ಇಕೋಸ್ಪೋರ್ಟ್ ಕಾರುಗಳ ಪವರ್‌ಶಿಫ್ಟ್ ಎಂಬ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ನಡುಗುತ್ತದೆಂದು ದೂರಿದ ಗ್ರಾಹಕರಿಗೂ ಅದು ನಿಮ್ಮ ಚಾಲನೆಯ ದೋಷವೆಂದೇ ಹೇಳಲಾಗಿತ್ತು. ದೂರುಗಳನ್ನು ನಿಭಾಯಿಸಿದ ರೀತಿ ಅನ್ಯಾಯದ್ದೆಂದು 2018ರ ಏಪ್ರಿಲ್‌ನಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯ ಕಂಪನಿಗೆ 1 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. ಅದಕ್ಕೂ ಮುಂಚೆ, 2013ರ ಮಾರ್ಚ್‌ನಲ್ಲಿ, ಚೀನಾದ ಸರ್ಕಾರಿ ಟಿ.ವಿ. ವಾಹಿನಿ ವಿಷಯವನ್ನು ಬಯಲಿಗೆಳೆದ ಬಳಿಕ ಫೋಕ್ಸ್‌ವ್ಯಾಗನ್ ತನ್ನ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸಿನ ದೋಷಕ್ಕಾಗಿ 3.84 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಈ ಎರಡೂ ಪ್ರಕರಣಗಳಲ್ಲಿನ ದೋಷಗಳು ನಮ್ಮ ಕಾರಿನದೇ ಎಂದು ನಾನು ಹೇಳುತ್ತಿಲ್ಲ. ಚಾಲಕನ ಮೇಲೆ ತಪ್ಪು ಹೊರಿಸಿದೊಡನೆ ಸುಮ್ಮನಾಗಬೇಕಿಲ್ಲ ಎಂಬುದಕ್ಕೆ ಇವನ್ನು ಹೇಳಿದೆ.

ಮೈಲೇಜಿನ ವಿಷಯದಲ್ಲಿ ಹೆಚ್ಚು ಬೆಳೆಸುವುದಿಲ್ಲ. ಜಾಹೀರಾತಿನ ಅಂಕಿ ಪ್ರಯೋಗಾಲಯದ ಉರುಳೆಗಳ ಮೇಲೆ ಅಳೆದದ್ದು. ಔಟರ್ ರಿಂಗ್ ರೋಡಿನ ಸಂಜೆಯಲ್ಲಿ ನಮಗೆ ಅದರ ಅರ್ಧವೂ ದಕ್ಕಲಿಲ್ಲ. ಜೊತೆಗೆ ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇದ್ದು, ಎಥನಾಲಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ.

ಆದ್ದರಿಂದ ಷೋರೂಮಿನಲ್ಲಿ ಸನ್‌ರೂಫ್, ತಣ್ಣನೆಯ ಆಸನಗಳ ವರ್ಣನೆ ಮುಗಿಯುವವರೆಗೆ ತಾಳ್ಮೆಯಿಂದಿದ್ದು, ಗೇರ್‌ಬಾಕ್ಸ್ ಯಾವ ಬಗೆಯದು, ಡ್ಯುಯಲ್ ಕ್ಲಚ್ ಆಗಿದ್ದರೆ ಒಣ ಬಗೆಯದೋ ಎಣ್ಣೆಯದೋ, ಕ್ಲಚ್‌ಗೆ ವಾರಂಟಿ ಎಷ್ಟು ಕಿಲೋಮೀಟರ್ ಎಂದು ಕೇಳಿ. ಉತ್ತರವನ್ನು ಇಮೇಲಿನಲ್ಲಿ ತರಿಸಿಕೊಳ್ಳಿ. ಬಾಯಿಮಾತಿನ ಭರವಸೆ ಸರ್ವಿಸ್ ಸೆಂಟರಿನ ಬಾಗಿಲ ತನಕವೂ ಬರುವುದಿಲ್ಲ. ಟೆಸ್ಟ್ ಡ್ರೈವ್‌ಗೆ ಖಾಲಿ ರಸ್ತೆಯಲ್ಲಿ ಒಂದು ಸುತ್ತು ಹಾಕಿಸಿ ಕಳುಹಿಸಲು ಒಪ್ಪಬೇಡಿ. ಮನೆಯವರನ್ನೆಲ್ಲ ಕೂರಿಸಿಕೊಂಡು, ಎ.ಸಿ. ಹಾಕಿ, ಯಾವುದಾದರೂ ಮಾಲ್‌ನ ನೆಲಮಾಳಿಗೆಯ ಇಳಿಜಾರನ್ನು ನಿಂತು ನಿಂತು ಹತ್ತಿಸಿ ನೋಡಿ. ನಡುಕ ಅಲ್ಲೇ ಕಂಡರೆ ಘಾಟಿಯಲ್ಲಿ ಕಾಣದೇ ಇರುವುದಿಲ್ಲ. ಅದೇ ಕಾರಿನ ಡೀಸೆಲ್ ಮಾದರಿಯಲ್ಲಿ ಟಾರ್ಕ್ ಕನ್ವರ್ಟರ್ ಇರುವುದೂ ಉಂಟು. ಟರ್ಬೊ ಇಲ್ಲದ ಪೆಟ್ರೋಲ್ ಸಾಕೆನ್ನುವವರಿಗೆ ಮಾರುತಿ ಎರ್ಟಿಗಾದಲ್ಲಿ 2022ರಿಂದ ಆರು ಗೇರಿನ ಟಾರ್ಕ್ ಕನ್ವರ್ಟರ್ ಇದೆ. ಇನ್ನೋವಾ ಹೈಕ್ರಾಸ್‌ನ ಹೈಬ್ರಿಡ್‌ನಲ್ಲಿ ನಿಂತಲ್ಲಿಂದ ಎಳೆಯುವ ಕೆಲಸಕ್ಕೆ ವಿದ್ಯುತ್ ಮೋಟರ್ ಇದೆ, ಬೆಲೆ ಮಾತ್ರ ಬಹಳ ಮೇಲೆ. ಎರ್ಟಿಗಾ ಓಡಿಸಲು ಸಪ್ಪೆ ಎನ್ನುವವರಿದ್ದಾರೆ. ಏಳು ಜನರನ್ನು ಕೂರಿಸಿಕೊಂಡ ಕಾರು ಸಪ್ಪೆಯಾಗಿದ್ದರೆ ಅದು ಅವಗುಣವೆಂದು ನನಗೆ ತೋರುವುದಿಲ್ಲ.

ಈಗಾಗಲೇ ಇಂತಹ ಕಾರು ಮನೆಗೆ ಬಂದಿದ್ದರೆ, ಏರಿನಲ್ಲಿ ಆಕ್ಸಿಲರೇಟರ್ ಒತ್ತಿಕೊಂಡೇ ಕಾರನ್ನು ನಿಲ್ಲಿಸಿ ಹಿಡಿಯಬೇಡಿ, ಬ್ರೇಕ್ ಅಥವಾ ನಿಂತಾಗ ಬ್ರೇಕನ್ನು ತಾನೇ ಹಿಡಿದಿಡುವ ಆಟೋ ಹೋಲ್ಡ್ ಬಳಸಿ. ಮುಂದಿನ ವಾಹನ ನಾಲ್ಕಾರು ಮಾರು ದೂರ ಹೋಗುವವರೆಗೆ ಕಾದು ಒಮ್ಮೆಗೇ ಚಲಿಸಿ, ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ. ಬಿಸಿಯಾದ ಸೂಚನೆ ಬಂದರೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ, ಪಾರ್ಕ್‌ಗೆ ಹಾಕಿ, ಎಂಜಿನ್ ಚಾಲೂ ಇಟ್ಟು ತಣಿಯಲು ಬಿಡಬೇಕೆಂದು ನಮ್ಮ ಕಾರಿನ ಕೈಪಿಡಿ ಹೇಳುತ್ತದೆ. ನಿಮ್ಮದರಲ್ಲಿ ಏನಿದೆಯೆಂದು ಊರಿಗೆ ಹೊರಡುವ ಮೊದಲೇ ಓದಿಕೊಳ್ಳಿ. ಆ ಸೂಚನೆಯ ಫೋಟೊ ತೆಗೆಯಿರಿ, ನಡುಗುವಾಗಿನ ವಿಡಿಯೊ ಇಟ್ಟುಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ಸರ್ವಿಸ್‌ನಲ್ಲೂ ದೂರನ್ನು ಜಾಬ್ ಕಾರ್ಡ್‌ನಲ್ಲಿ (ಕಾರು ಒಪ್ಪಿಸಿದಾಗ ಮಾಡಬೇಕಾದ ಕೆಲಸಗಳನ್ನು ಬರೆದುಕೊಳ್ಳುವ ಚೀಟಿ) ನಿಮ್ಮ ಮಾತಿನಲ್ಲೇ ಬರೆಸಿ ಪ್ರತಿ ಪಡೆಯಿರಿ. “ಸಾಮಾನ್ಯ ತಪಾಸಣೆ” ಎಂದಷ್ಟೇ ಬರೆದುಕೊಂಡು ಕಳುಹಿಸಿದರೆ ಮುಂದೆ ಆ ದೂರು ಇತ್ತೆಂಬುದಕ್ಕೇ ದಾಖಲೆ ಇರುವುದಿಲ್ಲ.

ಕಂಪನಿ ಮಾತಿಗೆ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಸಲ್ಲಿಸಲು ಅವಕಾಶವಿದೆ. ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗವೇ ಸಾಕು, ಗಡುವು ಕಾರಣ ಉಂಟಾದ ದಿನದಿಂದ 2 ವರ್ಷ. ನಾವು ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ಜಾಬ್ ಕಾರ್ಡುಗಳ ಪ್ರತಿಗಳನ್ನೂ ಘಾಟಿಯಲ್ಲಿ ತೆಗೆದ ಫೋಟೊವನ್ನೂ ಸೇರಿಸಿ ಕಂಪನಿಯ ಮುಖ್ಯ ಕಚೇರಿಗೆ ಬರೆದ ಬಳಿಕ, ತಪ್ಪು ಒಪ್ಪದೆ, ಸದ್ಭಾವನೆಯ ಹೆಸರಿನಲ್ಲಿ ಬಿಡಿಭಾಗಗಳ ಬೆಲೆಯಲ್ಲಿ ಅರ್ಧವನ್ನು ಭರಿಸಲು ಒಪ್ಪಿದರು, ಕೂಲಿ ನಮ್ಮದೇ. ಇನ್ನು ಮುಂದೆ ಯಾವ ಹಕ್ಕನ್ನೂ ಕೇಳುವುದಿಲ್ಲ ಎಂಬ ಮುಚ್ಚಳಿಕೆಗೆ ಸಹಿ ಕೇಳಿದರು, ನಾವು ಹಾಕಲಿಲ್ಲ. ಹಾಕದಿದ್ದರೂ ಕೆಲಸ ಮಾಡಿಕೊಟ್ಟರು. ಹೊಸ ಕ್ಲಚ್‌ಗೆ ಎಷ್ಟು ತಿಂಗಳ ಖಾತರಿ ಎಂಬುದನ್ನು ಬಿಲ್ಲಿನ ಮೇಲೆಯೇ ಬರೆಸಿಕೊಂಡು, ಸೀಲು ಹಾಕಿಸಿಕೊಂಡ ಮೇಲೆ ಹಣ ಕಟ್ಟಿದೆವು.