ಚಾರ್ಟ್.ಜೆಎಸ್ ಹೋವರ್: ಎರಡು ಸೆಟ್ಟಿಂಗ್ ಬದಲಿಸಿ ನೋಡಿ

ಗ್ರಾಫ್ ಮೇಲೆ ಮೌಸ್ ಇಟ್ಟ (ಹೋವರ್ ಮಾಡಿದ) ತಕ್ಷಣ ಅಂಕಿ ಕಾಣಬೇಕು, ನಮಗೆ ಬೇಕಾಗಿರುವುದು ಅದೇ ಅಲ್ವಾ? ವೆಬ್ ಪುಟದಲ್ಲಿ ಗ್ರಾಫ್ ಬಿಡಿಸುವ ಲೈಬ್ರರಿ ಚಾರ್ಟ್.ಜೆಎಸ್‌ನಲ್ಲಿ ಟೂಲ್‌ಟಿಪ್ (ಅಂಕಿ ತೋರಿಸುವ ಪುಟ್ಟ ಪೆಟ್ಟಿಗೆ) ಮೊದಲಿನಿಂದಲೇ ಆನ್ ಇರುತ್ತದೆ. ಆದರೆ ಲೈನ್ ಚಾರ್ಟ್‌ನಲ್ಲಿ ಚುಕ್ಕೆಯ ರೇಡಿಯಸ್ ಬರೀ 3 ಪಿಕ್ಸೆಲ್, ಮೌಸ್ ಸರಿಯಾಗಿ ಅದರ ಮೇಲೇ ಬರಬೇಕು. ನಾನು ಇಂಟರಾಕ್ಷನ್ ಮೋಡ್ ಅನ್ನು ಇಂಡೆಕ್ಸ್ ಮಾಡಿ, ಇಂಟರ್‌ಸೆಕ್ಟ್ ಅನ್ನು ಫಾಲ್ಸ್ ಮಾಡಿದೆ, ಈಗ ಮೌಸ್ ನನ್ನ ತಿಂಗಳವಾರು ಚಾರ್ಟ್ ಒಳಗೆ ಎಲ್ಲೇ ಇರಲಿ ಆ ತಿಂಗಳ ಎಲ್ಲಾ ಗೆರೆಗಳ ಅಂಕಿಯೂ ಒಟ್ಟಿಗೆ ಕಾಣುತ್ತದೆ. ತುಂಬಾ ಖುಷಿಯಾಯಿತು! ಡೋನಟ್ ಚಾರ್ಟ್‌ಗೆ ಹೋವರ್‌ಆಫ್‌ಸೆಟ್ ಕೊಟ್ಟರೆ ತುಂಡು ಹೊರಗೆ ಸರಿಯುತ್ತದೆ, ಅದೂ ಚೆಂದ. ಚಾರ್ಟ್.ಜೆಎಸ್ ಇಡೀ ಗ್ರಾಫನ್ನು ಕ್ಯಾನ್ವಾಸ್ ಮೇಲೆ ಒಂದೇ ಚಿತ್ರವಾಗಿ ಬಿಡಿಸುವುದರಿಂದ ಬಾರ್ ಚಾರ್ಟ್‌ನ ಒಂದೊಂದು ಕಂಬಕ್ಕೆ ಸಿಎಸ್‌ಎಸ್ (ಪುಟದ ಬಣ್ಣ, ವಿನ್ಯಾಸ ಹೇಳುವ ಭಾಷೆ) ಹೋವರ್ ಕೆಲಸ ಮಾಡುವುದಿಲ್ಲ, ಸುಮ್ನೆ ಹೊತ್ತು ಕಳೆಯಬೇಡಿ, ಹೋವರ್‌ಬ್ಯಾಕ್‌ಗ್ರೌಂಡ್‌ಕಲರ್ ಬಳಸಿ. ಸಿಎಸ್‌ಎಸ್ಸೇ ಬೇಕೆಂದರೆ ಡಿ3 ಎಂಬ ಇನ್ನೊಂದು ಲೈಬ್ರರಿಯಲ್ಲಿ ಎಸ್‌ವಿಜಿ (ಪ್ರತಿ ಆಕಾರವೂ ಬೇರೆ ಬೇರೆಯಾಗಿರುವ ಚಿತ್ರ) ಬಿಡಿಸಿ, ಕೋಡ್ ಮಾತ್ರ ಜಾಸ್ತಿ.